ಮಾಸ್ಕ್ ಹಾಕಿ ಮಲಗಿದರೂ ಹಗಲೇಕೆ ತೂಕಡಿಕೆ?

ಪೇಪರ್ ಓದುತ್ತಾ ಕುಳಿತಾಗ ಜೋಂಪು ಹತ್ತುತ್ತದೆಯೇ? ಟಿ.ವಿ. ನೋಡುವಾಗ? ಸಭೆಯಲ್ಲಿ ಸುಮ್ಮನೆ ಕುಳಿತಿರುವಾಗ? ಬೇರೆಯವರು ಓಡಿಸುವ ಕಾರಿನಲ್ಲಿ ಒಂದು ಗಂಟೆ ಹೋಗುವಾಗ? ಮಧ್ಯಾಹ್ನ ಅಡ್ಡಾದಾಗ? ಊಟ ಮುಗಿಸಿ ಸುಮ್ಮನೆ ಕುಳಿತಾಗ? ಎದುರಿಗಿದ್ದವರ ಜೊತೆ ಮಾತಾಡುತ್ತಿರುವಾಗಲೇ? ಕಾರು ಟ್ರಾಫಿಕ್‌ನಲ್ಲಿ ಕೆಲವು ನಿಮಿಷ ನಿಂತಾಗ?

ನಿದ್ದೆಯ ತೊಂದರೆಗೆ ವೈದ್ಯರ ಬಳಿ ಹೋದವರಿಗೆ ಈ ಎಂಟು ಪ್ರಶ್ನೆಗಳ ಹಾಳೆ ಪರಿಚಿತ. ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಇದನ್ನು ರೂಪಿಸಿದರು. ಅವರು ಕೆಲಸ ಮಾಡುತ್ತಿದ್ದ ಮೆಲ್ಬರ್ನ್‌ನ ಆಸ್ಪತ್ರೆಯ ಹೆಸರಿನಿಂದ ಎಪ್‌ವರ್ತ್ ಮಾಪಕ ಎಂದೇ ಕರೆಯುತ್ತಾರೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರು ಅಂಕ, ಒಟ್ಟು 24. ಹತ್ತು ದಾಟಿತೆಂದರೆ ಹಗಲಿನ ನಿದ್ದೆ ಹದ ಮೀರಿದೆ ಎಂದರ್ಥ.

ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ಪತ್ತೆಯಾದ ಒಬ್ಬರ ಅಂಕ ಮೊದಲ ದಿನ 17 ಇತ್ತು ಎಂದಿಟ್ಟುಕೊಳ್ಳಿ. ಮಾಸ್ಕಿನ ಮೂಲಕ ಗಾಳಿ ಹಾಯಿಸಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಬಂತು, ತಿಂಗಳೊಳಗೆ ಅದು 6ಕ್ಕೆ ಇಳಿಯಿತು. ಹೆಂಡತಿ ಮತ್ತೆ ಅದೇ ಕೋಣೆಗೆ ಬಂದು ಮಲಗಿದರು, ಬೆಳಗಿನ ತಲೆನೋವು ಹೋಯಿತು, ಆಫೀಸಿನಲ್ಲಿ ಮಾತು ಕೇಳಿಸಿಕೊಳ್ಳುವಂತಾಯಿತು. ಎರಡು ವರ್ಷ ಕಳೆದ ಮೇಲೆ ಅದೇ ಅಂಕ 13. ಯಂತ್ರ ಹಾಸಿಗೆ ಪಕ್ಕದಲ್ಲೇ ಇದೆ, ರಾತ್ರಿ ಹಾಕಿಕೊಳ್ಳುವುದೂ ತಪ್ಪಿಲ್ಲ. ಆದರೂ ಮಧ್ಯಾಹ್ನ ಮೂರಕ್ಕೆ ರೆಪ್ಪೆ ಮೇಲೇಳುವುದಿಲ್ಲ. ‘ಅಷ್ಟು ದುಡ್ಡು ಕೊಟ್ಟು ಮೆಷಿನ್ ತಂದ್ರೂ ಇವರ ತೂಕಡಿಕೆ ಬಿಡ್ಲಿಲ್ಲ’ ಎಂದು ಮನೆಯವರು, ‘ಎಲ್ಲಾ ಸರಿಯಿದೆ, ವಯಸ್ಸಾಯ್ತಲ್ಲ’ ಎಂದು ನೆಂಟರು. ಹೀಗೆ ಮರಳಿ ಬಂದ ನಿದ್ದೆಯನ್ನು ಸೋಮಾರಿತನವೆಂದೋ ವಯಸ್ಸೆಂದೋ ಪಕ್ಕಕ್ಕಿಡುವುದು ದೊಡ್ಡ ತಪ್ಪು. ಇದು ಹೊಸದಾಗಿ ಕಾಣಿಸಿಕೊಂಡ ಒಂದು ಲಕ್ಷಣ. ಹೊಸ ಜ್ವರಕ್ಕೆ ಕಾರಣ ಹುಡುಕುವ ಹಾಗೆಯೇ ಇದಕ್ಕೂ ಹುಡುಕಬೇಕು. ಹುಡುಕಿದರೆ ಹೆಚ್ಚಿನವರಲ್ಲಿ ಕಾರಣ ಸಿಗುತ್ತದೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುವುದು ಎಲ್ಲರಿಗೂ ಸಹಜ. ಕೆಲವರಲ್ಲಿ ಅದು ಉಸಿರಿನ ದಾರಿಯೇ ಮುಚ್ಚಿಹೋಗುವಷ್ಟಾಗುತ್ತದೆ. ಕನಿಷ್ಠ ಹತ್ತು ಸೆಕೆಂಡು ಉಸಿರು ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಲೆಕ್ಕ ಹಿಡಿಯುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಕ್ಷಣಮಾತ್ರ ಎಚ್ಚರಗೊಂಡು ದಾರಿ ತೆರೆಸುತ್ತದೆ, ಗೊರಕೆ ಮತ್ತೆ ಶುರುವಾಗುತ್ತದೆ. ಮಲಗಿದವರಿಗೆ ಇದರ ನೆನಪೂ ಇರುವುದಿಲ್ಲ. ಉಸಿರು ಪೂರ್ತಿ ನಿಂತ ಮತ್ತು ತೀರಾ ಕುಗ್ಗಿದ ಘಟನೆಗಳು ಸೇರಿ ಗಂಟೆಗೆ ಐದು ದಾಟಿದರೆ ಕಾಯಿಲೆ, 30 ದಾಟಿದರೆ ತೀವ್ರ. ಭಾರತದಲ್ಲಿ ದುಡಿಯುವ ವಯಸ್ಸಿನ ಸುಮಾರು 10 ಕೋಟಿ ಜನರಿಗೆ ಇದು ಇರಬಹುದೆಂದು ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಅಂದಾಜಿಸಿದರು. ಹಿಂದಿಯ ಡಿಸ್ಕೊ ಹಾಡುಗಳಿಗೆ ಹೆಸರಾದ, ಕನ್ನಡದಲ್ಲಿ ದ್ವಾರಕೀಶ್ ಅವರ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಹಿರಿ 2022ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ಆಸ್ಪತ್ರೆ ಹೇಳಿದ ಕಾರಣ ಇದೇ ಕಾಯಿಲೆ. ಹಲವರಿಗೆ ಅದರ ಹೆಸರು ಕಿವಿಗೆ ಬಿದ್ದದ್ದೇ ಆಗ.

1980ರವರೆಗೂ ತೀವ್ರ ಅಪ್ನಿಯಾಗೆ ಇದ್ದ ಖಚಿತ ಚಿಕಿತ್ಸೆ ಎಂದರೆ ಕತ್ತಿನಲ್ಲಿ ತೂತು ಕೊರೆದು ಉಸಿರಾಟದ ನಳಿಕೆ ಇಡುವುದು. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಇದಕ್ಕೆ ಬೇರೆ ದಾರಿ ಕಂಡರು. ವ್ಯಾಕ್ಯೂಮ್ ಕ್ಲೀನರ್‌ನಂಥ ಮೋಟಾರಿನಿಂದ ಗಾಳಿಯನ್ನು ಕೊಳವೆಯ ಮೂಲಕ ಮೂಗಿಗೆ ಹಾಯಿಸಿ, ಆ ಒತ್ತಡದಿಂದಲೇ ಗಂಟಲು ಮುಚ್ಚದಂತೆ ನೋಡಿಕೊಂಡರು. ಐವರು ರೋಗಿಗಳ ಮೇಲಿನ ಈ ಪ್ರಯೋಗ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಹಾಸಿಗೆ ಪಕ್ಕದಲ್ಲಿ ಸದ್ದಿಲ್ಲದೆ ಓಡುವ ಸಿಪ್ಯಾಪ್ ಎಂಬ ಪುಟ್ಟ ಪೆಟ್ಟಿಗೆ ಮಾಡುವುದೂ ಅದನ್ನೇ. ಅದು ಗಂಟಲನ್ನು ತೆರೆದಿಡುತ್ತದೆ, ಹಾಕಿಕೊಂಡಿರುವಷ್ಟು ಹೊತ್ತು ಮಾತ್ರ. ಕನ್ನಡಕ ತೆಗೆದರೆ ಕಣ್ಣು ಮತ್ತೆ ಮಸುಕಾಗುವಂತೆ, ಮಾಸ್ಕ್ ತೆಗೆದ ಮರುಕ್ಷಣ ಗಂಟಲು ತನ್ನ ಹಳೆಯ ಚಾಳಿಗೆ ಮರಳುತ್ತದೆ.

ನಿದ್ದೆ ಯಾಕೆ ಮರಳಿತು ಎಂದು ಹುಡುಕುವಾಗ ಮೊದಲು ನೋಡಬೇಕಾದ್ದು ಈ ಹೊತ್ತಿನ ಲೆಕ್ಕವನ್ನೇ. ‘ದಿನಾ ಹಾಕ್ಕೋತೀನಿ ಡಾಕ್ಟ್ರೇ’ ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಹತ್ತೂವರೆಗೆ ಮಾಸ್ಕ್ ಕಟ್ಟಿಕೊಳ್ಳುತ್ತಾರೆ. ಎರಡೂವರೆಗೆ ಮೂತ್ರಕ್ಕೆ ಏಳುತ್ತಾರೆ, ಮಾಸ್ಕ್ ಕಳಚುತ್ತಾರೆ, ಮರಳಿ ಬಂದು ಹಾಗೇ ಮಲಗುತ್ತಾರೆ. ಕೆಲವರು ನಿದ್ದೆಗಣ್ಣಿನಲ್ಲೇ ಕಿತ್ತುಹಾಕುತ್ತಾರೆ, ಬೆಳಗ್ಗೆ ಅದು ದಿಂಬಿನ ಕೆಳಗೆ ಸಿಗುತ್ತದೆ. ಯಂತ್ರದ ವರದಿಯಲ್ಲಿ ನಾಲ್ಕು ಗಂಟೆ ಎಂದಿರುತ್ತದೆ. ಅಮೆರಿಕದ ಮೆಡಿಕೇರ್ ವಿಮೆ, ನೂರರಲ್ಲಿ 70 ರಾತ್ರಿ ನಾಲ್ಕು ಗಂಟೆ ಬಳಸಿದರೆ ಯಂತ್ರ ಸರಿಯಾಗಿ ಬಳಕೆಯಾಗುತ್ತಿದೆ ಎಂದು ಒಪ್ಪುತ್ತದೆ. ವಿಮಾ ಕಚೇರಿಯ ಈ ಲೆಕ್ಕವೇ ಲೋಕವೆಲ್ಲ ಹರಡಿ, ನಾಲ್ಕು ಗಂಟೆ ಸಾಕು ಎಂಬ ನಂಬಿಕೆ ಬೇರೂರಿದೆ.

ಅದು ಸಾಲುವುದಿಲ್ಲ. ಸಂಶೋಧಕಿ ಟೆರಿ ವೀವರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಎಪ್‌ವರ್ತ್ ಹಾಳೆಯ ಅಂಕ ಸುಧಾರಿಸಲು ನಾಲ್ಕು ಗಂಟೆ ಬೇಕಾಯಿತು. ಹಗಲಲ್ಲಿ ಎಷ್ಟು ಬೇಗ ನಿದ್ದೆಗೆ ಜಾರುತ್ತಾರೆ ಎಂದು ಪ್ರಯೋಗಾಲಯದಲ್ಲಿ ಅಳೆದಾಗ ಆರು ಗಂಟೆ ಬೇಕಾಯಿತು. ನಿತ್ಯದ ಕೆಲಸಕಾರ್ಯಗಳು ಸಹಜ ಮಟ್ಟಕ್ಕೆ ಬರಲು ಏಳೂವರೆ ಗಂಟೆ. ಇನ್ನೊಂದು ಸಂಗತಿಯನ್ನೂ ಇದಕ್ಕೆ ಸೇರಿಸಬೇಕು. ಕನಸು ಕಾಣುವ ರೆಮ್ ನಿದ್ದೆ ರಾತ್ರಿಯ ಕೊನೆಯ ಜಾವದಲ್ಲಿ ಹೆಚ್ಚು. ಆಗ ದೇಹದ ಸ್ನಾಯುಗಳು ಪೂರ್ತಿ ಕೈಚೆಲ್ಲಿರುತ್ತವೆ, ಅಪ್ನಿಯಾ ಅತಿ ಉದ್ದಕ್ಕೆ ಎಳೆಯುವುದೂ ಆಮ್ಲಜನಕ ಅತಿ ಕೆಳಕ್ಕೆ ಇಳಿಯುವುದೂ ಹಲವರಲ್ಲಿ ಅದೇ ಹೊತ್ತಿಗೆ. ಎರಡೂವರೆಗೆ ಮಾಸ್ಕ್ ಕಳಚಿದವರು ಕಾಯಿಲೆ ಅತ್ಯಂತ ಜೋರಾಗಿರುವ ಹೊತ್ತನ್ನೇ ಚಿಕಿತ್ಸೆಯಿಲ್ಲದೆ ಕಳೆಯುತ್ತಿದ್ದಾರೆ. ಮೂತ್ರಕ್ಕೆ ಹೋಗಿ ಬಂದ ಮೇಲೆ ಮತ್ತೆ ಮಾಸ್ಕ್ ಹಾಕಿಕೊಳ್ಳುವ ಒಂದೇ ಅಭ್ಯಾಸದಿಂದ ಹಗಲು ಬದಲಾಗಬಹುದು.

ಗಂಟೆಗಳು ಸರಿಯಿದ್ದರೆ ಮುಂದಿನ ಅನುಮಾನ ಸೋರಿಕೆಯ ಮೇಲೆ. ಮಾಸ್ಕಿನ ಅಂಚಿನಲ್ಲಿರುವ ಸಿಲಿಕೋನ್ ಕುಷನ್ ಹೊಸದಿದ್ದಾಗ ಮೆತ್ತಗೆ ಮುಖಕ್ಕೆ ಕೂರುತ್ತದೆ. ಮುಖದ ಜಿಡ್ಡು, ಬೆವರು, ರಾತ್ರಿ ಹಚ್ಚಿಕೊಂಡ ಕ್ರೀಮು ಸೇರಿ ಕೆಲವೇ ತಿಂಗಳಲ್ಲಿ ಅದು ಜಾರತೊಡಗುತ್ತದೆ, ಪಟ್ಟಿಗಳು ಸಡಿಲವಾಗುತ್ತವೆ. ಸೋರಿತೆಂದು ಪಟ್ಟಿ ಬಿಗಿದರೆ ಕುಷನ್ ಮಡಿಚಿಕೊಂಡು ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಗಾಯವೂ ಆಗುತ್ತದೆ. ಹೊಸದಾಗಿ ಗಡ್ಡ ಬಿಟ್ಟವರಲ್ಲಿ, ಹಲ್ಲು ಕೀಳಿಸಿಕೊಂಡವರಲ್ಲಿ, ತೂಕ ಇಳಿದು ಕೆನ್ನೆ ಒಳಹೋದವರಲ್ಲಿ ಹಳೆಯ ಅಳತೆಯ ಮಾಸ್ಕ್ ಕೂರುವುದಿಲ್ಲ. ಮೂಗಿಗಷ್ಟೇ ಹಾಕುವ ಮಾಸ್ಕಿನಲ್ಲಿ ಬಾಯಿ ತೆರೆದುಕೊಂಡರೆ ಗಾಳಿಯೆಲ್ಲ ಅಲ್ಲಿಂದ ಹೊರಗೆ. ಎದ್ದಾಗ ನಾಲಗೆ ಅಂಗಳಕ್ಕೆ ಅಂಟಿದ್ದರೆ, ಕಣ್ಣು ಉರಿಯುತ್ತಿದ್ದರೆ, ಪಕ್ಕದಲ್ಲಿ ಮಲಗಿದವರಿಗೆ ಸುಂಯ್ ಎಂಬ ಸದ್ದು ಕೇಳಿಸಿದ್ದರೆ ಸೋರಿಕೆ ಇದೆ ಎಂದೇ ತಿಳಿಯಬೇಕು. ಮಾಸ್ಕಿನೊಳಗಿಂದ ಗೊರಕೆ ಕೇಳಿಸುತ್ತಿದ್ದರೆ ಗಾಳಿಯ ಒತ್ತಡ ಸಾಲುತ್ತಿಲ್ಲ.

ನಮ್ಮ ಊರುಗಳಲ್ಲಿ ಇದಕ್ಕೆ ಕರೆಂಟೂ ಸೇರಿಕೊಳ್ಳುತ್ತದೆ. ನಡುರಾತ್ರಿ ವಿದ್ಯುತ್ ಹೋದರೆ ಯಂತ್ರ ನಿಲ್ಲುತ್ತದೆ, ಉಸಿರು ಕಟ್ಟಿದಂತಾಗಿ ಮಾಸ್ಕ್ ಕಿತ್ತೆಸೆಯುವುದೊಂದೇ ದಾರಿ. ಬೇಸಿಗೆಯಲ್ಲಿ ದಿನಬಿಟ್ಟು ದಿನ ಹೀಗಾದರೆ ಹಗಲ ನಿದ್ದೆ ಮರಳದೆ ಇರುತ್ತದೆಯೇ? ಟಿ.ವಿ.ಗೆ, ಫ್ರಿಜ್‌ಗೆ ಯುಪಿಎಸ್ ಸಂಪರ್ಕ ಕೊಡುವ ಮನೆಗಳಲ್ಲಿ ಮಲಗುವ ಕೋಣೆಯ ಆ ಪ್ಲಗ್ ಪಾಯಿಂಟ್ ಮರೆತುಹೋಗಿರುತ್ತದೆ.

ಬಹುಪಾಲು ಯಂತ್ರಗಳು ಪ್ರತಿ ರಾತ್ರಿಯ ಲೆಕ್ಕವನ್ನು ಕಾರ್ಡಿನಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಇಡುತ್ತವೆ. ಎಷ್ಟು ಗಂಟೆ ಬಳಕೆ, ಎಷ್ಟು ಸೋರಿಕೆ, ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಎಲ್ಲವೂ ಅಲ್ಲಿರುತ್ತದೆ. ಆದರೆ ‘ಆ್ಯಪ್‌ನಲ್ಲಿ ಎರಡೇ ತೋರಿಸ್ತಿದೆ’ ಎಂದು ನಿಶ್ಚಿಂತೆಯಿಂದ ಇರಲಾಗದು. ಮನೆಯ ಯಂತ್ರ ಗಾಳಿಯ ಹರಿವನ್ನು ನೋಡಿ ಲೆಕ್ಕ ಹಾಕುತ್ತದೆ, ಮಿದುಳಿನ ಅಲೆಗಳನ್ನು ಓದುವುದಿಲ್ಲ. ಮಲಗಿದವರು ನಿಜಕ್ಕೂ ನಿದ್ದೆ ಮಾಡಿದರೋ ಕಣ್ಣುಬಿಟ್ಟು ಹೊರಳಾಡಿದರೋ ಅದಕ್ಕೆ ತಿಳಿಯದು. ಸೋರಿಕೆ ಹೆಚ್ಚಿದ್ದಾಗ ಅದರ ಎಣಿಕೆಯೂ ಏರುಪೇರಾಗುತ್ತದೆ. ಅನುಮಾನವಿದ್ದರೆ ಯಂತ್ರ ಹಾಕಿಕೊಂಡೇ ಪ್ರಯೋಗಾಲಯದಲ್ಲಿ ಮತ್ತೊಂದು ರಾತ್ರಿ, ಮಿದುಳಿನ ಅಲೆಗಳನ್ನೂ ಓದುವ ಸ್ಲೀಪ್ ಸ್ಟಡಿ ಮಾಡಿಸಬೇಕಾಗುತ್ತದೆ. ಯಂತ್ರವೇ ಕೈಕೊಟ್ಟ ಉದಾಹರಣೆಯೂ ಉಂಟು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಜಗತ್ತಿನಾದ್ಯಂತ ದಶಲಕ್ಷಗಟ್ಟಲೆ ಯಂತ್ರಗಳನ್ನು ವಾಪಸು ಪಡೆಯುವುದಾಗಿ ಘೋಷಿಸಿತು. ಸದ್ದು ತಗ್ಗಿಸಲು ಒಳಗಿಟ್ಟಿದ್ದ ಸ್ಪಂಜು ಪುಡಿಯಾಗಿ ಉಸಿರಿನೊಳಗೆ ಸೇರುವ ಅಪಾಯ ಇತ್ತು. ಬದಲಿ ಯಂತ್ರ ಬರುವ ತನಕ ಅನೇಕರ ಚಿಕಿತ್ಸೆ ನಡುವಿನಲ್ಲೇ ನಿಂತಿತು.

ಯಂತ್ರ ಹಾಗೇ ಇದ್ದರೂ ದೇಹ ಬದಲಾಗುತ್ತಿರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೂರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದ ಪ್ರಕಾರ ದೇಹದ ತೂಕ ನೂರಕ್ಕೆ ಹತ್ತರಷ್ಟು ಏರಿದರೆ ಗಂಟೆಗೆ ಇಷ್ಟೆಂದು ಎಣಿಸುವ ಅಪ್ನಿಯಾಗಳು ನೂರಕ್ಕೆ ಸುಮಾರು 32ರಷ್ಟು ಏರುತ್ತವೆ. 70 ಕಿಲೋ ಇದ್ದವರು 77 ಆದರೆಂದರೆ ಮೂರು ವರ್ಷದ ಹಿಂದೆ ನಿಗದಿಯಾದ ಒತ್ತಡ ಈಗ ಕಮ್ಮಿ ಬೀಳಬಹುದು. ರಾತ್ರಿ ಕುಡಿಯುವ ಎರಡು ಪೆಗ್, ನಿದ್ದೆ ಬರಲೆಂದು ನುಂಗುವ ಮಾತ್ರೆ ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಕೆಲವರಲ್ಲಿ ಸಿಪ್ಯಾಪ್ ಶುರುವಾದ ಮೇಲೆ ಬೇರೆ ಬಗೆಯ ಅಪ್ನಿಯಾ ತಲೆಯೆತ್ತುತ್ತದೆ: ಗಂಟಲು ತೆರೆದೇ ಇರುತ್ತದೆ, ಉಸಿರಾಡು ಎಂಬ ಆಜ್ಞೆಯೇ ಮಿದುಳಿನಿಂದ ಬರುವುದಿಲ್ಲ. ಹೃದಯ ದುರ್ಬಲವಾದವರಲ್ಲಿ, ಅಫೀಮು ಮೂಲದ ನೋವುನಿವಾರಕ ತೆಗೆದುಕೊಳ್ಳುವವರಲ್ಲಿ ಇದರ ಸಂಭವ ಹೆಚ್ಚು. ಒತ್ತಡ ಏರಿಸಿದ ಮಾತ್ರಕ್ಕೆ ಇದು ಸರಿಹೋಗದು, ಚಿಕಿತ್ಸೆಯ ವಿಧಾನವನ್ನೇ ಬದಲಿಸಬೇಕಾಗಬಹುದು.

ಇಷ್ಟೆಲ್ಲ ನೋಡಿದ ಮೇಲೂ ಯಂತ್ರದಲ್ಲಿ ತಪ್ಪು ಸಿಗಲಿಲ್ಲವೆಂದರೆ? ಅಲ್ಲಿಗೆ ಎಷ್ಟೋ ಜನ ಹುಡುಕಾಟ ನಿಲ್ಲಿಸುತ್ತಾರೆ. ಅಪ್ನಿಯಾ ಇದೆ ಎಂದ ಮಾತ್ರಕ್ಕೆ ಬೇರೆ ಕಾಯಿಲೆ ಬರಬಾರದೆಂದೇನೂ ಇಲ್ಲವಲ್ಲ. ಭಾರತದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 11 ವಯಸ್ಕರಿಗೆ ಥೈರಾಯ್ಡ್ ಕೊರತೆ ಕಂಡುಬಂತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಸಸ್ಯಾಹಾರಿಗಳನ್ನು ಹೆಚ್ಚಾಗಿ ಕಾಡುವ ಬಿ12 ಕೊರತೆ, ಖಿನ್ನತೆ ಇವೆಲ್ಲವೂ ಹಗಲಿನ ಮಂಪರು, ಸುಸ್ತಿನ ರೂಪದಲ್ಲೇ ಬರುತ್ತವೆ. ಮಲಗಿದಾಗ ಕಾಲು ಜುಮುಗುಟ್ಟಿ ಆಡಿಸದೆ ಇರಲಾಗದ ತೊಂದರೆಗೆ ಎಷ್ಟೋ ಸಲ ಮೂಲ ಕಬ್ಬಿಣಾಂಶದ ಕೊರತೆ.

ಹೆಂಗಸರ ವಿಷಯದಲ್ಲಿ ಅಸಡ್ಡೆ ಇನ್ನೂ ಹೆಚ್ಚು. ಅವರಲ್ಲಿ ಅಪ್ನಿಯಾ ಜೋರು ಗೊರಕೆಗಿಂತ ಸುಸ್ತು, ತಲೆನೋವು, ನಿದ್ದೆ ಬಾರದಿರುವುದಾಗಿ ಕಾಣಿಸಿಕೊಳ್ಳುವುದು ಸಾಮಾನ್ಯ, ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ಪತ್ತೆಯಾಗುವುದೇ ತಡ. ಪತ್ತೆಯಾಗಿ ಯಂತ್ರ ಬಂದ ಮೇಲೂ ‘ಸುಸ್ತು’ ಎಂದರೆ ಮನೆಗೆಲಸದ ಸುಸ್ತೆಂದು ಎಲ್ಲರೂ ಸುಮ್ಮನಾಗುತ್ತಾರೆ, ಆಕೆಯೂ ಸೇರಿ. ಒಂದು ರಕ್ತ ಪರೀಕ್ಷೆ ಹೇಳಬಹುದಾದ ಸಂಗತಿ ವರ್ಷಗಟ್ಟಲೆ ಹೊರಬರುವುದಿಲ್ಲ.

ಮಾತ್ರೆಗಳ ಡಬ್ಬಿಯನ್ನೂ ಒಮ್ಮೆ ಮೇಜಿನ ಮೇಲೆ ಸುರಿದು ನೋಡುವುದು ಒಳ್ಳೆಯದು. ನೆಗಡಿಗೆಂದು ಶುರುವಾಗಿ ನಿಲ್ಲದೇ ಉಳಿದ ಸೆಟ್ರಿಜಿನ್, ನರನೋವಿಗೆ ಕೊಟ್ಟ ಪ್ರಿಗ್ಯಾಬಲಿನ್ ಅಥವಾ ಅಮಿಟ್ರಿಪ್ಟಿಲಿನ್, ಆತಂಕಕ್ಕೆ ಕೊಟ್ಟ ಕ್ಲೊನಜೆಪಾಮ್ ಇವೆಲ್ಲ ಮಂಪರು ತರುವಂಥವು. ಒಬ್ಬೊಬ್ಬ ವೈದ್ಯರು ಒಂದೊಂದು ಬರೆದಿರುತ್ತಾರೆ, ಒಟ್ಟು ಪಟ್ಟಿಯನ್ನು ಯಾರೂ ನೋಡಿರುವುದಿಲ್ಲ. ಹಾಗೆಂದು ತಾವೇ ನಿಲ್ಲಿಸಬಾರದು, ಪಟ್ಟಿಯನ್ನು ತೋರಿಸಿ ಕೇಳಬೇಕು.

ಇನ್ನು ಎಲ್ಲಕ್ಕಿಂತ ಸರಳವಾದ ಕಾರಣ, ನಿದ್ದೆಯೇ ಸಾಲದಿರುವುದು. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು. ರಾತ್ರಿ ಹನ್ನೆರಡರವರೆಗೆ ಅಮೆರಿಕದ ತಂಡದೊಂದಿಗೆ ಕಾಲ್‌ನಲ್ಲಿದ್ದು ಬೆಳಗ್ಗೆ ಐದೂವರೆಗೆ ಮಕ್ಕಳ ಶಾಲಾ ಬಸ್ಸಿಗಾಗಿ ಏಳುವ ಬೆಂಗಳೂರಿನ ಟೆಕ್ಕಿಗೆ ಸಿಪ್ಯಾಪ್ ಒಳ್ಳೆಯ ಐದು ಗಂಟೆಯನ್ನು ಕೊಡಬಲ್ಲದೇ ಹೊರತು ಆರನೆಯದನ್ನು ಹುಟ್ಟಿಸಲಾರದು. ಪಾಳಿ ಬದಲಾದರೂ ಅಷ್ಟೇ. ನ್ಯೂಯಾರ್ಕ್‌ನ ಸ್ಪೈಟನ್ ಡೈವಿಲ್ ಬಳಿ 2013ರ ಡಿಸೆಂಬರ್ 1ರ ಬೆಳಗ್ಗೆ ಹಳಿ ತಪ್ಪಿದ ರೈಲು ಗಂಟೆಗೆ 48 ಕಿಲೋಮೀಟರ್ ಮಿತಿಯ ತಿರುವಿನಲ್ಲಿ 132 ಕಿಲೋಮೀಟರ್ ವೇಗದಲ್ಲಿತ್ತು. ನಾಲ್ವರು ಸತ್ತರು. ಚಾಲಕನಿಗೆ ಜೋಂಪು ಹತ್ತಿತ್ತು. ಆತನಿಗೆ ತೀವ್ರ ಅಪ್ನಿಯಾ ಇದ್ದದ್ದು ಅಪಘಾತದ ನಂತರವಷ್ಟೇ ಪತ್ತೆಯಾಯಿತು. ಅದರ ಜೊತೆಗೆ, ಎರಡು ವಾರದ ಹಿಂದಷ್ಟೇ ಆತನ ಪಾಳಿ ಸಂಜೆಯಿಂದ ನಸುಕಿಗೆ ಬದಲಾಗಿತ್ತು ಎಂಬುದನ್ನೂ ತನಿಖೆ ಎತ್ತಿ ಹೇಳಿತು. ಕಾಯಿಲೆ ಒಂದು, ಕೆಟ್ಟ ವೇಳಾಪಟ್ಟಿ ಇನ್ನೊಂದು. ಎರಡರಲ್ಲಿ ಒಂದಕ್ಕಷ್ಟೇ ಚಿಕಿತ್ಸೆ ಮಾಡಿದರೆ ಇನ್ನೊಂದು ಉಳಿದೇ ಇರುತ್ತದೆ.

ಎಲ್ಲ ಜರಡಿ ಹಿಡಿದ ಮೇಲೂ ಕೆಲವರಲ್ಲಿ ನಿದ್ದೆ ಉಳಿಯುತ್ತದೆ. ಫ್ರಾನ್ಸ್‌ನಲ್ಲಿ ಸಿಪ್ಯಾಪ್ ಬಳಸುತ್ತಿದ್ದ ಸುಮಾರು 500 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 12 ಜನರ ಎಪ್‌ವರ್ತ್ ಅಂಕ ಇನ್ನೂ ಹತ್ತಕ್ಕಿಂತ ಮೇಲಿತ್ತು. ಖಿನ್ನತೆ, ಕಾಲಿನ ಜುಮುಜುಮು, ಹಗಲಲ್ಲಿ ತಡೆಯಲಾಗದ ನಿದ್ದೆ ತರುವ ನಾರ್ಕೋಲೆಪ್ಸಿ ಇದ್ದವರನ್ನು ಬಿಟ್ಟು ಎಣಿಸಿದಾಗ ಉಳಿದದ್ದು ಆರು. ಅರ್ಧದಷ್ಟು ಜನರಿಗೆ ಬೇರೆ ಕಾರಣ ಸಿಕ್ಕಿತು ಎಂಬುದು ಭರವಸೆಯ ಮಾತು. ಉಳಿದ ಆರು ಮಂದಿಯ ತೂಕಡಿಕೆಯೂ ನಿಜವೇ ಎಂಬುದು ಅಷ್ಟೇ ಮುಖ್ಯ.

ಇದರ ಬೇರು ಎಲ್ಲಿರಬಹುದು ಎಂಬುದಕ್ಕೆ ಒಂದು ಸುಳಿವು ಕೊಟ್ಟದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಿಗ್ರಿಡ್ ವೀಸಿ ಅವರ ತಂಡ. ಇಲಿಗಳು ಮಲಗುವ ಹೊತ್ತಿನಲ್ಲಿ ಆಮ್ಲಜನಕವನ್ನು ಏರಿಳಿಸುತ್ತಾ ವಾರಗಟ್ಟಲೆ ಇಟ್ಟು, ಆಮೇಲೆ ಸಹಜ ಗಾಳಿಗೆ ಬಿಟ್ಟರು. ಚೇತರಿಕೆಗೆ ಸಮಯ ಕೊಟ್ಟರೂ ಅವು ಮೊದಲಿಗಿಂತ ಹೆಚ್ಚು ನಿದ್ದೆ ಮಾಡಿದವು. ಎಚ್ಚರವನ್ನು ಕಾಯುವ ಮಿದುಳಿನ ಭಾಗಗಳಲ್ಲಿ ಜೀವಕೋಶಗಳಿಗೆ ಹಾನಿಯಾಗಿತ್ತು, ದೀರ್ಘಕಾಲ ಹಾಗೆ ಇಟ್ಟ ಇಲಿಗಳಲ್ಲಿ ಕೆಲವು ನರಕೋಶಗಳು ಸತ್ತೇಹೋಗಿದ್ದವು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೆಯೇ ನಡೆಯುತ್ತದೆಂದು ಹೇಳಲಾಗದು. ಆದರೂ ವರ್ಷಗಟ್ಟಲೆ ಪತ್ತೆಯಾಗದೆ ಉಳಿದ ಅಪ್ನಿಯಾ ಮಾಯದ ಗಾಯ ಬಿಟ್ಟುಹೋಗಬಹುದು ಎಂಬ ಸಂದೇಹಕ್ಕೆ ಇದು ಗಟ್ಟಿ ಆಧಾರ. ಗೊರಕೆಯನ್ನು ನಗೆಚಾಟಿಕೆಯ ವಿಷಯ ಮಾಡಿಕೊಂಡು ಪರೀಕ್ಷೆಯನ್ನು ಮುಂದೂಡುವವರು ಇದನ್ನು ಗಮನಿಸಬೇಕು.

ಕಾರಣ ಸಿಗದೆ ತೂಕಡಿಕೆ ಉಳಿದವರ ನಿದ್ದೆಯನ್ನು ಅಳೆಯಲು ಪರೀಕ್ಷೆಯಿದೆ. ರಾತ್ರಿ ಯಂತ್ರದೊಂದಿಗೆ ಸ್ಲೀಪ್ ಸ್ಟಡಿ, ಮರುದಿನ ಎರಡೆರಡು ಗಂಟೆಗೊಮ್ಮೆ ಐದು ಬಾರಿ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ಸರಾಸರಿ ಎಂಟು ನಿಮಿಷದೊಳಗೆ ನಿದ್ದೆ ಬಂದರೆ ಅದು ಸಹಜವಲ್ಲ. ಎಚ್ಚರ ಹೆಚ್ಚಿಸುವ ಔಷಧಗಳೂ ಇವೆ. ಮೊಡಾಫಿನಿಲ್‌ಗೆ 2004ರಲ್ಲಿ ಅಮೆರಿಕ ಈ ಬಳಕೆಗೆ ಒಪ್ಪಿಗೆ ಕೊಟ್ಟಿತು. ಚರ್ಮದ ಮತ್ತು ಮಾನಸಿಕ ಅಡ್ಡಪರಿಣಾಮಗಳನ್ನು ತೂಗಿ ನೋಡಿದ ಯುರೋಪ್, ಅಪ್ನಿಯಾಗೆ ಅದು ಬೇಡವೆಂದು 2011ರಲ್ಲಿ ತನ್ನ ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು. ಸೋಲ್ರಿಯಾಮ್ಫೆಟಾಲ್ 2019ರಲ್ಲಿ ಅಮೆರಿಕದಲ್ಲಿ, ಪಿಟೊಲಿಸಾಂಟ್ 2021ರಲ್ಲಿ ಯುರೋಪಿನಲ್ಲಿ ಇದೇ ತೊಂದರೆಗೆ ಮಾನ್ಯತೆ ಪಡೆದವು. ಇವು ಯಾವುವೂ ಗಂಟಲನ್ನು ತೆರೆಯುವುದಿಲ್ಲ. ಮಾತ್ರೆ ನುಂಗಿ ಎಚ್ಚರವಾಗಿದ್ದೇನೆಂದು ಮಾಸ್ಕ್ ಬಿಟ್ಟರೆ ಆಮ್ಲಜನಕ ರಾತ್ರಿಯಿಡೀ ಇಳಿಯುತ್ತಲೇ ಇರುತ್ತದೆ, ರಕ್ತದೊತ್ತಡ ಏರುತ್ತಲೇ ಇರುತ್ತದೆ. ಮೊಡಾಫಿನಿಲ್ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ತಗ್ಗಿಸುತ್ತದೆ ಎಂಬುದು ತಿಳಿದಿರಬೇಕು. ಪರೀಕ್ಷೆಯ ರಾತ್ರಿ ಓದಲೆಂದು ಚೀಟಿಯಿಲ್ಲದೆ ಕೊಳ್ಳುವ ಮಾತ್ರೆ ಇದಲ್ಲ.

ಹಗಲಲ್ಲಿ ಮತ್ತೆ ತೂಕಡಿಕೆ ಶುರುವಾಗಿದ್ದರೆ ಮುಂದಿನ ಭೇಟಿಗೆ ಮೂರನ್ನು ಕೊಂಡೊಯ್ಯಿರಿ: ಯಂತ್ರದ ಕಳೆದ ಒಂದು ತಿಂಗಳ ವರದಿ, ಬಳಸುತ್ತಿರುವ ಮಾಸ್ಕ್, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ದರೆ ಒಳ್ಳೆಯದು, ರಾತ್ರಿ ಏನು ನಡೆಯುತ್ತದೆಂದು ಕಂಡವರು ಅವರೇ. ‘ಯಂತ್ರ ಇದೆಯಲ್ಲ’ ಎಂಬ ಉತ್ತರಕ್ಕೆ ಸುಮ್ಮನಾಗದೆ ಇನ್ನೊಮ್ಮೆ ಕೇಳಿ. ಕಾರಣ ಸಿಕ್ಕಿ ಸರಿಹೋಗುವ ತನಕ ಸ್ಟೀರಿಂಗ್ ಹಿಡಿಯುವ ಕೆಲಸ ಬೇರೆಯವರಿಗೆ ಬಿಡಿ, ಬೈಕನ್ನೂ ಮುಟ್ಟಬೇಡಿ.